ತುರಿಮಣೆಯ ಪೆನ್ನು

ನಾನು ಲೇತ್ ಮೆಷಿನ್ನಿನಲ್ಲಿ ಕಡೆದ ಮೊದಲ ಪೆನ್ನು, ಪೆನ್ನಾಗುವ ಮೊದಲೇ ಸಿಡಿದು ಮೂರು ಚೂರಾಯಿತು. ಒಂದು ಚೂರು ಮುಖಕ್ಕೆ ಕಟ್ಟಿಕೊಂಡಿದ್ದ ಪ್ಲಾಸ್ಟಿಕ್ ಮರೆಗೆ ಟಪ್ಪೆಂದು ಬಡಿಯಿತು, ಇನ್ನೊಂದು ಬಾಗಿಲಾಚೆ ಜನರೇಟರಿನ ಹಿಂದೆ ಹೋಗಿ ಬಿತ್ತು, ಮೂರನೆಯದು ಎಲ್ಲಿಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ನನಗೆ ಕಲಿಸುತ್ತಿದ್ದ ಮಹಾಶಯರು ಮೆಷಿನ್ ಆರಿಸಿ, ಕನ್ನಡಕ ಸರಿಮಾಡಿಕೊಂಡು, ಇದು ಶುಭಲಕ್ಷಣ ಎಂದರು. ಮೊದಲ ದಿನ ಮರ ಸಿಡಿಸದವರು ಮುಂದೆ ಬೆರಳು ಕಳೆದುಕೊಳ್ಳುತ್ತಾರಂತೆ. ಈ ಮಾತನ್ನು ಅವರು ಆ ಗಳಿಗೆಯಲ್ಲೇ ಕಟ್ಟಿದ್ದೆಂದು ನನಗೆ ಆಗಲೂ ಅನುಮಾನವಿತ್ತು, ಈಗಲೂ ಇದೆ.

ಅವರು ದೆಹಲಿಯ ದ್ವಾರಕಾದ ನಮ್ಮ ಸೊಸೈಟಿಯಲ್ಲಿ ಎದುರಿನ ಟವರಿನವರು, ಸರ್ಕಾರದ ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಮೆಷಿನ್ನನ್ನು ಮೊದಲು ತಮ್ಮ ಬಾಲ್ಕನಿಯಲ್ಲೇ ಇಟ್ಟಿದ್ದರು. ಒಣಹಾಕಿದ ಬಟ್ಟೆಯ ಮೇಲೆಲ್ಲ ಮರದ ಪುಡಿ ಕೂರುತ್ತದೆಂದು ಹೆಂಡತಿ ಅದನ್ನು ಮನೆಯಿಂದ ಹೊರಹಾಕಿದ ಮೇಲೆ, ಬೇಸ್‌ಮೆಂಟಿನಲ್ಲಿ ಜನರೇಟರಿನ ಪಕ್ಕದ ಸ್ಟೋರ್ ರೂಮನ್ನು ಕಾಡಿ ಬೇಡಿ ಪಡೆದರು. ಅಲ್ಲಿ ಕೂತು ಪೆನ್ನು ಮಾಡುತ್ತಾರೆ, ಮಾಡಿದ್ದನ್ನೆಲ್ಲ ಹಂಚುತ್ತಾರೆ. ನಮ್ಮ ಸೊಸೈಟಿಯಲ್ಲಿ ಅವರ ಪೆನ್ನು ಇಲ್ಲದ ಮನೆಯಿಲ್ಲ, ಆ ಪೆನ್ನಿನಲ್ಲಿ ಬರೆಯುವ ಮನೆಯೂ ಇಲ್ಲ. ಒಂದರ ರೀಫಿಲ್ ಹೊರಗೆ ಬರುವುದಿಲ್ಲ, ಇನ್ನೊಂದರದ್ದು ಒಳಗೆ ಹೋಗುವುದಿಲ್ಲ. ಇದನ್ನು ಯಾರೂ ಅವರಿಗೆ ಹೇಳಿಲ್ಲ, ಯಾಕೆಂದರೆ ಮನುಷ್ಯ ಒಳ್ಳೆಯವರು.

ನಾವು ಕರಾವಳಿ ಕಡೆಯವರು. ಜನಕಪುರಿಯ ಮಾರುಕಟ್ಟೆಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಮೂವತ್ತು ವರ್ಷದ ಹತ್ತಿರ ನಾನು ಅಲ್ಲಿಯ ಅಡುಗೆಮನೆ ನೋಡಿಕೊಂಡೆ, ನಮ್ಮವರು ಗಲ್ಲಾದಲ್ಲಿ ಕೂತರು. ಎಲ್ಲ ಕಡೆ ಕಂಪ್ಯೂಟರ್ ಬಿಲ್ಲು ಬಂದ ಮೇಲೂ ಅವರು ಕೈಯಲ್ಲೇ ಬರೆಯುತ್ತಿದ್ದರು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಅಂಗಿಯ ಜೇಬಿನಲ್ಲಿ ಸದಾ ಒಂದು ಪೆನ್ನು ಇರಬೇಕು, ಅದನ್ನು ಯಾವ ಗಿರಾಕಿಗೂ ಕೊಡುತ್ತಿರಲಿಲ್ಲ. ಗಿರಾಕಿಗಳಿಗೆಂದೇ ಬೇರೆ ಪೆನ್ನೊಂದನ್ನು ಗಲ್ಲಾದ ಮೇಜಿನ ಕಾಲಿಗೆ ದಾರದಿಂದ ಕಟ್ಟಿದ್ದರು.

ಎರಡು ವರ್ಷದ ಕೆಳಗೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಕಾಲು ಸರಿಹೋಯಿತು, ಮಾತು ಸರಿಹೋಯಿತು, ಸಿಟ್ಟಂತೂ ಮೊದಲಿಗಿಂತ ಚೆನ್ನಾಗಿಯೇ ವಾಪಸು ಬಂತು. ಬಲಗೈ ಬೆರಳುಗಳು ಮಾತ್ರ ಪೂರ್ತಿ ಮಡಚಲಿಲ್ಲ. ದಪ್ಪ ಲೋಟ ಹಿಡಿಯುತ್ತಾರೆ, ಬಾಗಿಲಿನ ಹಿಡಿ ತಿರುಗಿಸುತ್ತಾರೆ, ತೆಳ್ಳಗಿನ ಪೆನ್ನು ಹಿಡಿದರೆ ಜಾರಿ ನೆಲಕ್ಕೆ ಬೀಳುತ್ತದೆ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಪೆನ್ನಿಗೆ ಸುತ್ತಿಕೊಳ್ಳುವ ನೀಲಿ ರಬ್ಬರಿನ ಹಿಡಿಕೆಯೊಂದನ್ನು ತಂದುಕೊಟ್ಟಳು. ಬಾಲವಾಡಿಗೆ ಸೇರಿಸುತ್ತೀರಾ ನನ್ನನ್ನು ಎಂದು ಅದನ್ನು ಮೇಜಿನ ಖಾನೆಯೊಳಗೆ ಎಸೆದರು. ಹೋಟೆಲನ್ನು ಅವರ ಅಣ್ಣನ ಮಗನಿಗೆ ಒಪ್ಪಿಸಿದ್ದಾಯಿತು. ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಳ್ಳುವುದನ್ನೂ ಬಿಟ್ಟರು.

ಇದೆಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಮಗಳ ಮದುವೆ ನಿಶ್ಚಯವಾಯಿತು.

ನಮ್ಮಲ್ಲಿ ಮದುವೆಗೆ ಕರೆಯುವ ಮೊದಲ ಕಾಗದ ಮನೆದೇವರಿಗೆ. ಅದರ ಮೇಲೆ ದೇವರ ಹೆಸರನ್ನೂ, ಮುಂದೆ ನಿಂತು ನಡೆಸಿಕೊಡಬೇಕು ಎನ್ನುವ ಒಂದು ಸಾಲನ್ನೂ ಹುಡುಗಿಯ ಅಪ್ಪನೇ ತನ್ನ ಕೈಯಿಂದ ಬರೆಯಬೇಕು. ಅದನ್ನು ಊರಿಗೆ ಒಯ್ದು ತೆಂಗಿನಕಾಯಿಯ ಜೊತೆ ದೇವರ ಮುಂದೆ ಇಟ್ಟ ಮೇಲೆಯೇ ಉಳಿದವರಿಗೆ ಹಂಚುವುದು. ಅಚ್ಚು ಹಾಕಿಸಿದ ಕಾಗದಗಳು ಜನವರಿಯಲ್ಲಿ ಬರುವುದೆಂದು ಗೊತ್ತಾಯಿತು, ಅಣ್ಣನ ಮಗ ಊರಿಗೆ ಹೋಗುವುದಕ್ಕೆ ರೈಲಿನ ಟಿಕೆಟ್ಟೂ ಆಯಿತು. ನಮ್ಮವರು ಒಂದು ಸಂಜೆ ಟಿವಿಯಿಂದ ಕಣ್ಣು ತೆಗೆಯದೆ, ಮೊದಲ ಕಾಗದ ಅವನೇ ಬರೆಯಲಿ, ಅವನ ಅಕ್ಷರವೂ ಚೆನ್ನಾಗಿದೆ ಎಂದರು. ಅವನ ಅಕ್ಷರ ಚೆನ್ನಾಗಿಲ್ಲ. ಕೋಳಿ ಕೆದಕಿದ ಹಾಗಿದೆ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನನಗೆ ಸಂಕಟವಾಯಿತು, ಜೊತೆಗೆ ಎಲ್ಲಿಲ್ಲದ ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಾಗದ್ದಕ್ಕೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ತೊಳೆದೆ.

ಆ ದೀಪಾವಳಿಗೆ ಬೇಸ್‌ಮೆಂಟಿನ ಮಹಾಶಯರು ಎಲ್ಲ ಮನೆಗೂ ಒಂದೊಂದು ಪೆನ್ನು ಕೊಟ್ಟಿದ್ದರು. ನಮಗೆ ಸಿಕ್ಕಿದ್ದು ನಡು ಉಬ್ಬಿದ, ಬಾಳೆಕಾಯಿಯ ಹಾಗಿದ್ದ ಪೆನ್ನು. ಎಂದಿನಂತೆ ಬರೆಯುತ್ತಿರಲಿಲ್ಲ. ಆದರೆ ನಮ್ಮವರು ಅದನ್ನು ತಿರುಗಿಸಿ ನೋಡುವಾಗ ಬೆರಳುಗಳು ಅದರ ಉಬ್ಬಿನ ಸುತ್ತ ಒಂದು ಕ್ಷಣ ಸರಿಯಾಗಿ ಕೂತವು. ಅವರು ಗಮನಿಸಲಿಲ್ಲ. ನಾನು ಗಮನಿಸಿದೆ. ನಿಶ್ಚಿತಾರ್ಥ ಮುಗಿದ ವಾರ ಅದು ನೆನಪಿಗೆ ಬಂದದ್ದೇ ತಡ, ಬೇಸ್‌ಮೆಂಟಿಗೆ ಇಳಿದು ಹೋಗಿ ನನಗೂ ಪೆನ್ನು ಮಾಡಲು ಕಲಿಸಿ ಎಂದು ಕೇಳಿದೆ.

ನೀವೇ ಒಂದು ಮಾಡಿಕೊಡಿ ಎಂದು ಕೇಳಬಹುದಿತ್ತಲ್ಲ ಎಂದು ಮಗಳು ಆಮೇಲೆ ಕೇಳಿದಳು. ಕೇಳಬಹುದಿತ್ತು. ಆದರೆ ಅವರ ಪೆನ್ನು ಬರೆಯಬೇಕಲ್ಲ. ಅದೂ ಅಲ್ಲದೆ, ತಮ್ಮ ಕೈಗೆ ಶಕ್ತಿಯಿಲ್ಲವೆಂದು ಹೊರಗಿನವರು ಪೆನ್ನು ಮಾಡಿಕೊಟ್ಟರೆಂದಾದರೆ ನಮ್ಮವರು ಅದನ್ನೂ ನೀಲಿ ರಬ್ಬರಿನ ಪಕ್ಕಕ್ಕೇ ಎಸೆಯುತ್ತಿದ್ದರು. ನನ್ನ ಮನುಷ್ಯನನ್ನು ನಾನು ಅಷ್ಟಾದರೂ ಬಲ್ಲೆ.

ಮಹಾಶಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಸೀರೆ ನಡೆಯುವುದಿಲ್ಲ ಎಂದರು. ಸೆರಗು, ಶಾಲು, ಬಳೆ, ಸರ, ಬಿಟ್ಟ ಕೂದಲು ಯಾವುದೂ ನಡೆಯುವುದಿಲ್ಲ, ತಿರುಗುವ ಮರ ಏನು ಸಿಕ್ಕಿದರೂ ಸುತ್ತಿಕೊಂಡು ಎಳೆಯುತ್ತದೆ. ಮರುದಿನ ಮಗಳ ಹಳೆಯ ಕಾಲೇಜು ಟೀ ಶರ್ಟು, ಅದರ ಮೇಲೆ ಅವಳದೇ ಬಿಗಿಯಾದ ಸ್ವೆಟರು, ತಲೆಗೊಂದು ಉಣ್ಣೆಯ ಟೋಪಿ ಹಾಕಿಕೊಂಡು ಹೋದೆ. ಕರಿಮಣಿಯನ್ನು ಒಳಗೆ ಸೇರಿಸಿಕೊಂಡೆ. ಬಳೆ ತೆಗೆಯುವುದಕ್ಕೆ ಮಾತ್ರ ಮನಸ್ಸು ಹಿಂದೆ ಮುಂದೆ ನೋಡಿತು, ಆದರೂ ತೆಗೆದು ಸ್ಟೋರ್ ರೂಮಿನ ಹಲಗೆಯ ಮೇಲಿಟ್ಟೆ, ಇಟ್ಟದ್ದನ್ನು ಅಲ್ಲೇ ಮರೆತು ಮನೆಗೆ ಬಂದೆ. ಬೋಳು ಕೈ ಕಂಡು ನಮ್ಮವರು ಗಾಬರಿಯಾದರು. ಪೆನ್ನು ಮಾಡುವುದನ್ನು ಕಲಿಯುತ್ತಿದ್ದೇನೆ ಎಂದೆ. ಅವರು ನಗತೊಡಗಿದವರು ನಿಲ್ಲಿಸಲೇ ಇಲ್ಲ.

“ಹೋಟೆಲು ಆಯ್ತು, ಈಗ ಕಾರ್ಖಾನೆಯಾ ಮಾರಾಯ್ತಿ?” ಎಂದರು.

ಅವರು ಹಾಗೆ ನಕ್ಕು ತುಂಬ ದಿನವಾಗಿತ್ತು. ಯಾರಿಗಾಗಿ ಪೆನ್ನು ಎಂದು ನಾನು ಹೇಳಲಿಲ್ಲ.

ಪೆನ್ನು ಮಾಡುವುದು ಹೇಳಲಿಕ್ಕೆ ಸುಲಭ. ಬೆರಳಿಗಿಂತ ದಪ್ಪನೆಯ ಚೌಕದ ಮರದ ತುಂಡಿಗೆ ಉದ್ದಕ್ಕೆ ತೂತು ಕೊರೆಯಬೇಕು. ತೂತಿನೊಳಗೆ ಹಿತ್ತಾಳೆಯ ಕೊಳವೆಯೊಂದನ್ನು ಅಂಟಿನಿಂದ ಕೂರಿಸಬೇಕು. ಅದನ್ನು ಲೇತಿನ ಕಂಬಿಗೆ ಪೋಣಿಸಿ ತಿರುಗಲು ಬಿಟ್ಟು, ಎದುರಿಗೆ ಉಳಿ ಹಿಡಿದರೆ ಚೌಕ ಗುಂಡಗಾಗುತ್ತದೆ. ಬೇಕಾದ ಆಕಾರಕ್ಕೆ ಬಂದ ಮೇಲೆ ಇಲ್ಲಿಯವರು ರೇಗ್‌ಮಾಲ್ ಎನ್ನುವ ಉಜ್ಜುಕಾಗದದಿಂದ ತಿಕ್ಕಿ, ಹೊಳಪು ಕೊಟ್ಟು, ಎರಡೂ ತುದಿಗೆ ಲೋಹದ ಭಾಗಗಳನ್ನು ಒತ್ತಿ ಕೂರಿಸಿದರೆ ಮುಗಿಯಿತು. ಇಷ್ಟನ್ನು ಮಾಡಲು ಹೋಗಿ ನಾನು ಶೀಶಮ್ ಮರದ ತುಂಡುಗಳನ್ನು ಕಸದ ಬುಟ್ಟಿ ತುಂಬುವಷ್ಟು ಹಾಳುಮಾಡಿದೆ. ತೂತು ಓರೆಯಾಗಿ ಹೋಗಿ ಒಂದು ಬದಿ ಹಪ್ಪಳದಷ್ಟು ತೆಳುವಾಯಿತು. ಕೊಳವೆ ಅರ್ಧ ಒಳಗೆ ಹೋಗುವುದರೊಳಗೆ ಅಂಟು ಹಿಡಿದು ಅಲ್ಲೇ ನಿಂತಿತು. ಒಮ್ಮೆ ನನ್ನ ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಅಂಟಿಕೊಂಡು, ಬಿಸಿನೀರಿನ ಪಾತ್ರೆಯೊಳಗೆ ಕೈ ಅದ್ದಿಕೊಂಡು ಕೂತೆ. ಇನ್ನೊಮ್ಮೆ ಎಲ್ಲ ಸರಿಯಾಗಿ ಬಂತೆಂದು ಹಿಗ್ಗಿ ತುದಿಗಳನ್ನು ಒತ್ತಿದೆ. ನೋಡಿದರೆ ಕ್ಲಿಪ್ಪು ಕೆಳಗೆ, ಮೊನೆ ಮೇಲೆ. ಮಹಾಶಯರು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿ, ಇದು ಹೊಸ ಮಾದರಿ ಎಂದರು.

ನನ್ನ ದೊಡ್ಡ ತೊಂದರೆ ಉಳಿ ಹಿಡಿಯುವುದರಲ್ಲಿತ್ತು. ಒತ್ತುತ್ತಿದ್ದೆ. ಮರ ಬೇಗ ಗುಂಡಗಾಗಲಿ ಎಂದು ಮೈಭಾರವನ್ನೆಲ್ಲ ಹಾಕಿ ಒತ್ತುತ್ತಿದ್ದೆ. ಉಳಿ ಮರದೊಳಗೆ ಕಚ್ಚಿಕೊಂಡು, ಮೆಷಿನ್ನು ನರಳಿ, ಎಲ್ಲವೂ ಸಿಡಿಯುತ್ತಿತ್ತು. ಕೈ ಹಗುರ ಮಾಡಿ, ಮರ ತಾನಾಗಿ ಉಳಿಯ ಹತ್ತಿರ ಬರಲಿ ಎಂದು ಅವರು ದಿನಾ ಹೇಳಬೇಕಾಯಿತು. ಇದನ್ನು ಕೇಳಿದಾಗ ನನಗೆ ಮೈ ಉರಿಯುತ್ತಿತ್ತು, ಯಾಕೆಂದರೆ ಅದೇ ಮಾತನ್ನು ನಾನು ನಮ್ಮ ಹೋಟೆಲಿನ ಪ್ರತಿಯೊಬ್ಬ ಹೊಸ ಅಡುಗೆಯವನಿಗೂ ಹೇಳಿದ್ದೇನೆ. ದೋಸೆ ಹುಯ್ಯುವಾಗ ಸೌಟನ್ನು ಕಾವಲಿಗೆ ಒತ್ತಿದರೆ ದೋಸೆ ಹರಿಯುತ್ತದೆ, ಕೈ ಹಗುರ ಮಾಡು, ಹಗುರ ಮಾಡು. ಅವರೆಲ್ಲ ನನ್ನ ಬೆನ್ನ ಹಿಂದೆ ಏನು ಅಂದುಕೊಂಡಿದ್ದರೆಂದು ಈಗ ಗೊತ್ತಾಯಿತು.

ಕೊನೆಗೆ ಒಂದು ಮಧ್ಯಾಹ್ನ, ಬಹುಶಃ ಸಿಟ್ಟು ಮಾಡಿಕೊಂಡು ಸಾಕಾಗಿ, ಕೈ ತಾನೇ ಸಡಿಲವಾಯಿತು. ಮರ ಒಂದೇ ಉದ್ದನೆಯ ಸಿಪ್ಪೆಯಾಗಿ ಸುರುಳಿ ಸುರುಳಿ ಬಿಚ್ಚಿಕೊಂಡು ನನ್ನ ಮೊಣಕೈ ಮೇಲೆಲ್ಲ ಬಿತ್ತು. ಮೆಷಿನ್ನಿನ ಸದ್ದೂ ಬೇರೆಯಾಯಿತು, ಮುಲುಗು ಹೋಗಿ ಸಣ್ಣ ಗುಂಯ್ ಎನ್ನುವ ಸದ್ದು. ನನಗೆ ಹೇಳತೀರದ ಖುಷಿಯಾಯಿತು. ಮದುವೆಯ ಸೀರೆ, ಬೀಗರು, ನಮ್ಮವರ ಕೈಯ ಚಿಂತೆ ಏನೂ ತಲೆಯಲ್ಲಿರಲಿಲ್ಲ. ಆಮೇಲೆ ಪ್ರತಿ ಮಧ್ಯಾಹ್ನ ಊಟದ ಪಾತ್ರೆ ತೊಳೆದದ್ದೇ ಓಡುತ್ತಿದ್ದೆ. ಹೊರಗೆ ಹೊಗೆಮಂಜು ಕವಿದು ಎದುರಿನ ಟವರೇ ಕಾಣದಿದ್ದ ದಿನಗಳಲ್ಲಿ ಆ ಕೋಣೆ ಬೆಚ್ಚಗಿರುತ್ತಿತ್ತು, ಮರದ ವಾಸನೆ ತುಂಬಿರುತ್ತಿತ್ತು. ಮಹಾಶಯರು ಕಾಗದದ ಪೊಟ್ಟಣದಲ್ಲಿ ಹುರಿದ ಕಡಲೆಕಾಯಿ ತರುತ್ತಿದ್ದರು, ನಾನು ಫ್ಲಾಸ್ಕಿನಲ್ಲಿ ಕಾಫಿ. ಕಾಫಿ ಅವರಿಗೆ ಇಷ್ಟವಿಲ್ಲ ಎಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಆದರೂ ಅವರು ಕುಡಿದರು.

ಜನವರಿಯ ಮೊದಲ ವಾರಕ್ಕೆ ಒಂದು ಪೆನ್ನು ತಯಾರಾಯಿತು. ಶೀಶಮ್ ಮರದ್ದು, ನಡು ದಪ್ಪಗೆ, ಕನ್ನಡಿಯ ಹಾಗೆ ಹೊಳೆಯುವಂಥದ್ದು. ಬರೆಯುತ್ತಿತ್ತು ಕೂಡ. ಬೇಸ್‌ಮೆಂಟಿನಿಂದ ಮೇಲೆ ಬರುವಾಗ ಲಿಫ್ಟಿನಲ್ಲಿ ಅದನ್ನು ಸ್ವೆಟರಿಗೆ ಒರೆಸಿದ್ದೇ ಒರೆಸಿದ್ದು. ಏನೂ ತಿಳಿಯದವಳ ಹಾಗೆ ನಮ್ಮವರ ಕೈಗೆ ಕೊಟ್ಟು, ಹೇಗಿದೆ ನೋಡಿ ಎಂದೆ. ಅವರು ಹಿಡಿದರು, ದಿನಪತ್ರಿಕೆಯ ಅಂಚಿನಲ್ಲಿ ಗೀಟು ಎಳೆಯಲು ನೋಡಿದರು. ಹೊಳಪಿನ ಮೇಲೆ ಬೆರಳು ನಿಲ್ಲಲಿಲ್ಲ. ಪೆನ್ನು ಜಾರಿ, ಮೇಜಿನ ಮೇಲೆ ಉರುಳಿ, ನೆಲಕ್ಕೆ ಬಿತ್ತು. ನಾನೇ ಬಗ್ಗಿ ಎತ್ತಿದೆ.

“ಚೆಂದ ಉಂಟು. ಶೋಕೇಸಿನಲ್ಲಿ ಇಡು,” ಎಂದು ಅವರು ಟಿವಿ ಕಡೆ ತಿರುಗಿದರು.

ಯಾರಿಗಾಗಿ ಮಾಡಿದ್ದೆಂದು ಅವರಿಗೆ ಆಗ ತಿಳಿಯಿತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಶನಿವಾರ ಮಗಳು ಗುರುಗ್ರಾಮದ ತನ್ನ ಕೆಲಸದಿಂದ ಬಂದಳು, ಅಚ್ಚಾದ ಕಾಗದಗಳ ಕಟ್ಟನ್ನೂ ಹೊತ್ತು ತಂದಳು. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ. ಕನ್ನಡ ಎಲ್ಲ ಅರ್ಥವಾಗುತ್ತದೆ, ಆಡುವಾಗ ಮೂರು ಭಾಷೆ ಬೇಕು. ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದಳು.

“ಅಮ್ಮಾ, ಅಪ್ಪಂಗೆ ಟೆನ್ಶನ್ ಕೊಡ್ಬೇಡ ನಾ. ಪ್ರಿಂಟ್ ಕರಾ ಲೇತೇ ಹೈಂ, ಪ್ರಿಂಟೇ ಮಾಡಿಸೋಣ. ಕೈಬರಹದ ಹಾಗೇ ಕಾಣೋ ಫಾಂಟ್ ಸಿಗ್ತದೆ.”

“ದೇವರಿಗೆ ಫಾಂಟಾ?” ಎಂದೆ. ನನ್ನ ದನಿ ಏರಿತೆಂದು ಕಾಣುತ್ತದೆ, ಅವಳು ಅಚ್ಛಾ ಅಚ್ಛಾ ಎನ್ನುತ್ತಾ ಹಿಂದೆ ಸರಿದಳು. ಆದರೆ ಅವಳ ಕಣ್ಣಲ್ಲಿಯೂ ನೀರಿತ್ತು. ಅಪ್ಪ ಬರೆಯಲಿ ಎಂಬ ಆಸೆ ಅವಳಿಗೆ ನನಗಿಂತ ಕಡಿಮೆಯೇನೂ ಇರಲಿಲ್ಲ. ಅಣ್ಣನ ಮಗ ಮುಂದಿನ ಶುಕ್ರವಾರ ಹೊರಡುವವನಿದ್ದ.

ಹೊಳಪು ಬೇಡ, ಜಾರದ ಮರ ಬೇಕು ಎಂದು ಮಹಾಶಯರಿಗೆ ಹೇಳಿದೆ. ಹೊಳಪಿಲ್ಲದ ಪೆನ್ನು ಎಂದರೆ ಅವರಿಗೆ ಸ್ನಾನ ಮಾಡದ ಮಗುವನ್ನು ಮದುವೆಮನೆಗೆ ಕಳಿಸಿದ ಹಾಗೆ. ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡರು. ಆದರೆ ಶೀಶಮ್ ತುಂಡುಗಳನ್ನೆಲ್ಲ ನಾನು ಮುಗಿಸಿಯಾಗಿತ್ತು, ಮರದ ಮಾರುಕಟ್ಟೆಗೆ ಆ ದಿನ ರಜೆ. ನನಗೆ ತಡೆಯುವ ತಾಳ್ಮೆಯಿಲ್ಲ. ಮನೆಗೆ ಬಂದು ಮರ ಎಂಬುದು ಎಲ್ಲೆಲ್ಲಿದೆ ಎಂದು ಕಣ್ಣಾಡಿಸಿದೆ. ಬಾಲ್ಕನಿಯಲ್ಲಿ ತುಳಸಿಯ ಕುಂಡದ ಕೆಳಗೆ ತುರಿಮಣೆ ಕಂಡಿತು.

ಹೋಟೆಲು ಶುರುಮಾಡಿದಾಗ ಊರಿನಿಂದ ರೈಲಿನಲ್ಲಿ ತಂದ ತೆಂಗಿನಕಾಯಿ ತುರಿಯುವ ಮಣೆ ಅದು. ಹಲಸಿನ ಮರದ್ದು. ಕಾಯಿ ತುರಿಯುವ ಮೆಷಿನ್ ಬರುವವರೆಗೆ, ಬೆಳಗಿನ ಚಟ್ನಿಗೆ ನಮ್ಮವರೇ ಅದರ ಮೇಲೆ ಕೂತು ತುರಿದವರು. ಆಮೇಲೂ ನಾನು ಅದನ್ನು ಎಸೆಯಲಿಲ್ಲ. ದೆಹಲಿಯ ಒಣಗಾಳಿಗೆ ಮರ ಸೀಳುತ್ತದೆಂದು ಚಳಿಗಾಲ ಬಂದಾಗಲೆಲ್ಲ ಮೈಗೆ ಹಚ್ಚುವ ಹಾಗೆ ಅದಕ್ಕೂ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ಅಷ್ಟು ಮಾಡಿದರೂ ಅದು ನಡುವೆ ಸೀಳಿಯೇ ಸೀಳಿತು. ತುರಿಯುವ ಕಬ್ಬಿಣ ತೆಗೆದುಹಾಕಿ, ಕುಂಡ ಇಡಲು ಉಪಯೋಗಿಸುತ್ತಿದ್ದೆ. ಈಗ ಕುಂಡವನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲಿಟ್ಟು, ನಮ್ಮವರು ಮಲಗಿದ್ದ ಹೊತ್ತಿನಲ್ಲಿ ಮಣೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಕೆಳಗೆ ಒಯ್ದೆ. ಭಾವುಕತೆಯೇನಲ್ಲ. ಮರ ಬೇಕಿತ್ತು, ಮರ ಮನೆಯಲ್ಲಿತ್ತು. ಗರಗಸದ ಹಲ್ಲು ಅದರ ಮೇಲೆ ಇಳಿದಾಗ ಮಾತ್ರ ಆ ಕಡೆ ಮುಖ ಮಾಡಿ ನಿಂತೆ.

ಸೀಳನ್ನೂ ಹಳೆಯ ಮೊಳೆಗಳ ತೂತನ್ನೂ ಬಿಟ್ಟರೆ ಒಳ್ಳೆಯ ತುಂಡು ಸಿಕ್ಕಿದ್ದು ಎರಡು. ಮೊದಲನೆಯದಕ್ಕೆ ಕೊಳವೆ ಅಂಟಿಸಿದೆವು. ಬೆಳಗಾಗುವುದರೊಳಗೆ ಅದು ಹಣ್ಣಿನಿಂದ ಬೀಜ ಜಾರಿದ ಹಾಗೆ ಹೊರಬಂದಿತ್ತು. ಮತ್ತೆ ಅಂಟು ಹಾಕಿದೆವು, ಮತ್ತೆ ಬಂತು. ಮಹಾಶಯರು ಆ ತುಂಡನ್ನು ಮೂಗಿನ ಹತ್ತಿರ ಹಿಡಿದು, ಬೆರಳಿನಿಂದ ಉಜ್ಜಿ, ನನ್ನ ಮುಖ ನೋಡಿದರು.

“ಭಾಭೀಜಿ, ಇಸ್ ಮೇ ಪಕೋಡೇ ತಲೇ ಥೇ ಕ್ಯಾ?”

ಇದರಲ್ಲಿ ಪಕೋಡ ಕರಿದಿದ್ದಿರಾ ಎಂದು ಕೇಳಿದ್ದು. ವರ್ಷಗಟ್ಟಲೆ ಕೊಬ್ಬರಿ ಎಣ್ಣೆ ಕುಡಿಸಿದ ಕಥೆ ಹೇಳಿದೆ. ಎಣ್ಣೆ ಕುಡಿದ ಮರಕ್ಕೆ ಅಂಟೂ ಹಿಡಿಯುವುದಿಲ್ಲ, ಹೊಳಪೂ ಹಿಡಿಯುವುದಿಲ್ಲವಂತೆ. ಇಡೀ ಹಿಂದುಸ್ತಾನದಲ್ಲಿ ಪೀಠೋಪಕರಣಕ್ಕೆ ತಲೆಗೆ ಹಚ್ಚುವ ಎಣ್ಣೆ ಹಚ್ಚುವವರು ನೀವೊಬ್ಬರೇ ಎಂದರು. ಕರಾವಳಿಗೆ ಬಂದು ನೋಡಿ ಎಂದೆ. ಮೊದಲ ತುಂಡು ಆ ಜಗಳದಲ್ಲೇ, ನಾನು ಕೊಳವೆಯನ್ನು ಸುತ್ತಿಗೆಯಿಂದ ಕುಟ್ಟಲು ಹೋಗಿ, ಇಬ್ಭಾಗವಾಯಿತು. ಉಳಿದದ್ದು ಒಂದೇ.

ಅದಕ್ಕೆ ನಾನು ಅವಸರ ಮಾಡಲಿಲ್ಲ. ತೂತಿನೊಳಗನ್ನು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿದೆ. ಎರಡು ಟ್ಯೂಬು ಕಲಸಿ ಮಾಡುವ, ನಿಧಾನವಾಗಿ ಹಿಡಿಯುವ ಅಂಟನ್ನು ಹಾಕಿ, ಒಂದು ಇಡೀ ದಿನ ಮುಟ್ಟದೆ ಬಿಟ್ಟೆ. ನನ್ನಂಥವಳಿಗೆ ಅದು ಉಪವಾಸಕ್ಕಿಂತ ಕಷ್ಟ. ಈ ಸಲ ಕೊಳವೆ ನಿಂತಿತು. ಗುರುವಾರ ಮಧ್ಯಾಹ್ನ ಲೇತಿಗೆ ಹಾಕಿ ಉಳಿ ಹಿಡಿದಾಗ ಮೇಲಿನ ಕಪ್ಪು ಹೋಗಿ ಒಳಗಿನಿಂದ ಅರಿಸಿನದ ಬಣ್ಣ ಬಂತು. ಸಿಪ್ಪೆಯ ಜೊತೆ ವಾಸನೆಯೂ ಎದ್ದಿತು, ನಮ್ಮ ಹೋಟೆಲಿನ ಬೆಳಗಿನ ಜಾವದ ವಾಸನೆ. ಮಹಾಶಯರು ಅಭ್ಯಾಸಬಲದಿಂದ ಹೊಳಪಿನ ದ್ರವ ಹಚ್ಚಿಯೇ ನೋಡಿದರು, ಅದು ಹಾಲಿನ ಕೆನೆಯಂತೆ ಎದ್ದು ಬಂತು. ಸೋತೆ ಎಂಬಂತೆ ಕೈ ಎತ್ತಿ, ಇದನ್ನು ಯಾರು ಕಲಿಸಿದರೆಂದು ಮಾತ್ರ ಎಲ್ಲಿಯೂ ಹೇಳಬೇಡಿ ಎಂದರು. ಪೆನ್ನು ದಪ್ಪಗೆ, ಬರಿಮೈಯಲ್ಲಿ, ಸ್ವಲ್ಪ ಡೊಂಕಾಗಿ ಇತ್ತು. ಬರೆಯುತ್ತಿತ್ತು. ಬೇಸ್‌ಮೆಂಟಿನ ಚಳಿಯಲ್ಲಿ ಮುಟ್ಟಿದರೆ ಪೂರ್ತಿ ಒಣಗಿದಂತಿತ್ತು. ಎಣ್ಣೆಯ ವಿಷಯ ಮುಗಿಯಿತು ಎಂದು ನಾನು ಅಂದುಕೊಂಡೆ.

ಅಂದು ಸಂಜೆಯವರೆಗೂ ಬಿಸಿಲು ಕಾಣಲಿಲ್ಲ. ನಮ್ಮವರು ನಡುಮನೆಯಲ್ಲಿ ಹೀಟರಿನ ಪಕ್ಕದಲ್ಲೇ ಮೇಜು ಹಾಕಿಕೊಂಡು ಕೂತಿದ್ದರು. ಅವರ ಮುಂದೆ ಅಚ್ಚಾದ ಒಂದು ಕಾಗದವನ್ನೂ ಪೆನ್ನನ್ನೂ ಇಟ್ಟೆ. ಅವರು ಪೆನ್ನು ಎತ್ತಿಕೊಂಡರು. ಬೆರಳುಗಳು ಸುತ್ತ ಕೂತವು. ತಿರುಗಿಸಿ ನೋಡಿದರು, ಆಮೇಲೆ ಮೂಗಿನ ಹತ್ತಿರ ಹಿಡಿದರು. ಬಾಲ್ಕನಿಯ ಕಡೆ, ಪ್ಲಾಸ್ಟಿಕ್ ಸ್ಟೂಲಿನ ಮೇಲಿದ್ದ ತುಳಸಿಯ ಕಡೆ ನೋಡಿದರು.

“ತುರಿಮಣೆಯಾ?”

“ಹೌದು.”

“ಅದರ ಮೇಲೆ ಕೂತು ಎಷ್ಟು ಕಾಯಿ ತುರಿದಿದ್ದೇನೆ, ಗೊತ್ತುಂಟಾ ನಿಂಗೆ?”

“ಗೊತ್ತುಂಟು. ಅದರಲ್ಲಿ ಅರ್ಧ ಬಾಯಿಗೆ ಹಾಕ್ಕೊಳ್ತಿದ್ದದ್ದೂ ಗೊತ್ತುಂಟು.”

ಅವರು ನಗಲಿಲ್ಲ, ಆದರೆ ಬಾಯಿಯ ಮೂಲೆ ಅಲ್ಲಾಡಿತು. ದಿನಪತ್ರಿಕೆಯ ಅಂಚಿನಲ್ಲಿ ಒಂದು ಗೀಟು ಎಳೆದರು. ಪೆನ್ನು ಜಾರಲಿಲ್ಲ. ಇನ್ನೊಂದು ಎಳೆದರು. ಕಾಗದ ಅಲುಗದಿರಲಿ ಎಂದು ನಾನು ಕೈ ಚಾಚಿ ಅದರ ಅಂಚು ಹಿಡಿದೆ.

“ನೀನು ಒಳಗೆ ಹೋಗು. ನೋಡ್ತಾ ಕೂತ್ರೆ ನಂಗೆ ಬರೀಲಿಕ್ಕಾಗೋದಿಲ್ಲ,” ಎಂದರು.

ಅಡುಗೆಮನೆಗೆ ಹೋದೆ. ಎರಡು ವರ್ಷದಿಂದ ಅವರ ಅಂಗಿಯ ಗುಂಡಿ ಹಾಕುವವಳು ನಾನು, ಚಪಾತಿ ಹರಿದು ತಟ್ಟೆಗೆ ಹಾಕುವವಳು ನಾನು, ಅವರು ಎರಡು ಸಲ ಪ್ರಯತ್ನಿಸುವುದರೊಳಗೆ ಬಾಟಲಿಯ ಮುಚ್ಚಳ ಕಿತ್ತುಕೊಂಡು ತೆಗೆದುಕೊಡುವವಳೂ ನಾನೇ. ಈಗ ಮಾಡಲು ಏನೂ ಇರಲಿಲ್ಲ. ನಲ್ಲಿ ಬಿಟ್ಟರೆ ಸದ್ದಾಗುತ್ತದೆಂದು ಬಿಡಲಿಲ್ಲ. ಎರಡು ಕೈಯನ್ನೂ ಸ್ವೆಟರಿನ ತೋಳೊಳಗೆ ಸೇರಿಸಿಕೊಂಡು ಫ್ರಿಜ್ಜಿಗೆ ಒರಗಿ ನಿಂತೆ. ಒಮ್ಮೆ ಕುರ್ಚಿ ಸರಿದ ಸದ್ದು ಬಂತು. ಒಮ್ಮೆ ಅವರು ಉಸಿರು ಬಿಟ್ಟದ್ದು ಕೇಳಿಸಿತು. ಹೋಗಿ ನೋಡಬೇಕೆಂದು ಕಾಲು ಎಳೆಯುತ್ತಿತ್ತು. ಹೋಗಲಿಲ್ಲ. ಹೊರಗೆ ಪೂರ್ತಿ ಕತ್ತಲಾದ ಮೇಲೆ ಅವರು ನನ್ನನ್ನು ಕರೆದರು.

ಕಾಗದದ ಮೇಲೆ ದೇವರ ಹೆಸರಿತ್ತು. ಅದರ ಕೆಳಗೆ, ಮುಂದೆ ನಿಂತು ನಡೆಸಿಕೊಡ ಎನ್ನುವಷ್ಟಕ್ಕೆ ಒಂದು ಸಾಲು ತುಂಬಿ, ಬೇಕು ಎನ್ನುವುದು ಕೆಳಗಿನ ಸಾಲಿಗೆ ಇಳಿದಿತ್ತು. ಅಕ್ಷರ ದೊಡ್ಡದಾಗಿತ್ತು, ಒಂದೊಂದು ಒಂದೊಂದು ಕಡೆ ವಾಲಿತ್ತು, ಸಾಲು ಬೆಟ್ಟ ಹತ್ತಿ ಇಳಿದಿತ್ತು. ಆದರೆ ಬಿಲ್ಲಿನ ಮೇಲೆ ಮೂವತ್ತು ವರ್ಷ ಕಂಡ ಆ ದುಂಡು ಅಲ್ಲೇ ಇತ್ತು. ನನಗೆ ಅಳು ಬಂತು. ಅತ್ತೆ. ಮೂಗು ಒರೆಸಿಕೊಂಡು ಕಾಗದ ಕೈಗೆತ್ತಿಕೊಂಡಾಗ ಮೂಲೆಯಲ್ಲಿ ಏನೋ ಮಿನುಗಿತು. ಹೆಬ್ಬೆಟ್ಟಿನಷ್ಟು ಅಗಲದ ಎಣ್ಣೆಯ ಕಲೆ, ಅದರಾಚೆಯ ದೀಪ ಕಾಣುವಷ್ಟು ತೆಳ್ಳಗಾಗಿತ್ತು. ಹೀಟರಿನ ಪಕ್ಕದಲ್ಲಿ, ಅವರ ಬಿಸಿ ಅಂಗೈಯಲ್ಲಿ, ಮರದೊಳಗೆ ಹೆಪ್ಪುಗಟ್ಟಿದ್ದ ಕೊಬ್ಬರಿ ಎಣ್ಣೆಯೆಲ್ಲ ಕರಗಿ ಹೊರಗೆ ಬಂದಿತ್ತು. ಪೆನ್ನು ಬೆವರಿತ್ತು. ಅವರ ಬೆರಳುಗಳೂ ಹೊಳೆಯುತ್ತಿದ್ದವು.

ದೇವರಿಗೆ ಕೊಡುವ ಕಾಗದ, ಇನ್ನೊಂದು ಸಲ ಬರೆಯಿರಿ ಎಂದು ಯಾವ ಬಾಯಿಯಲ್ಲಿ ಹೇಳುವುದು? ಅವರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಕಲೆಯನ್ನು ದೀಪಕ್ಕೆ ಹಿಡಿದು ನೋಡಿದರು.

“ಕಾಯಿ ಇಟ್ಟು ಕೊಡೋದಲ್ವಾ ದೇವರಿಗೆ? ನೀನು ಕಾಗದದಲ್ಲೇ ಇಟ್ಟಿದ್ದಿ,” ಎಂದರು.

ನಾನು ಅರಿಸಿನದ ಬಟ್ಟಲು ತಂದೆ. ಹೇಗೂ ನಾಲ್ಕು ಮೂಲೆಗೆ ಅರಿಸಿನ ಹಚ್ಚುವುದಿತ್ತು, ಆ ಮೂಲೆಗೆ ಸ್ವಲ್ಪ ಜಾಸ್ತಿ ಹಚ್ಚಿದೆ. ಎಣ್ಣೆಗೆ ಅದು ಚೆನ್ನಾಗಿ ಹಿಡಿಯಿತು. ಮಗಳಿಗೆ ಫೋಟೋ ಕಳಿಸಿದೆ. ಅವಳು ಕೂಡಲೇ ಫೋನು ಮಾಡಿ, ಅಪ್ಪನಿಗೆ ಕೊಡು ಎಂದಳು.

ಪೆನ್ನನ್ನು ಒರೆಸಿ ಇಡೋಣವೆಂದು ಕೈ ಚಾಚಿದೆ. ಅವರು ಕೊಡಲಿಲ್ಲ. ಎಡಗೈಯಿಂದ ಅಂಗಿಯ ಜೇಬು ಅಗಲಿಸಿ, ಬಲಗೈಯಿಂದ ಅದನ್ನು ಒಳಗೆ ಇಳಿಸಿದರು. ಕ್ಲಿಪ್ಪು ಸಿಕ್ಕಿಸಲು ಮೂರು ಸಲ ಬೇಕಾಯಿತು. ನಾನು ಮುಟ್ಟಲಿಲ್ಲ.

“ಇರಲಿ. ನಾಳೆಗೂ ಬೇಕು,” ಎಂದರು.

ಅಂಗಿ ಬಿಳಿಯದು. ಪೆನ್ನಿನ ದಪ್ಪಕ್ಕೆ ಜೇಬು ಉಬ್ಬಿ ನಿಂತಿತು, ಬಟ್ಟೆಯ ಮೇಲೆ ಎಣ್ಣೆ ನಿಧಾನವಾಗಿ ಹರಡುವುದು ನನ್ನ ಕಣ್ಣೆದುರೇ ಕಾಣುತ್ತಿತ್ತು.